ಕೆಂಬಾಳೆಯ ಘಮ, ತೊಗರಿ ಕಟ್ಟಿಗೆಯ ಹೊಗೆ

ಓದುಗರ ಪ್ರಶ್ನೆ – ಮನಶ್ಶಾಸ್ತ್ರ ತಜ್ಞರ ಉತ್ತರ

ಬಾಲ್ಯವನ್ನು ತಟ್ಟನೆ ಎದುರಿಗೆ ತಂದು ನಿಲ್ಲಿಸುವ ರುಚಿ, ವಾಸನೆ, ಸದ್ದುಗಳ ಬಗ್ಗೆ ಈ ತಿಂಗಳ ಅಂಕಣಕ್ಕೆ ಪ್ರಶ್ನೆ ಕಳಿಸಿರೆಂದು ಕೇಳಿದ್ದೆ. ಕಲಬುರಗಿ ನಗರದಿಂದ, ಕಮಲಾಪುರದಿಂದ, ಅಲ್ಲಿಂದ ಹೊರಟು ಬೇರೆಡೆ ನೆಲೆಸಿದವರಿಂದ ಬಂದ ಪತ್ರಗಳೇ ಹೆಚ್ಚು. ಹಲವರು ಹೆಸರು ಬೇಡವೆಂದಿದ್ದಾರೆ. ಹಾಗಾಗಿ ಎಲ್ಲರ ಹೆಸರನ್ನೂ ಬಿಟ್ಟಿದ್ದೇನೆ. ಅವರ ಮಾತಿನ ಧಾಟಿಯನ್ನು ಮಾತ್ರ ಮುಟ್ಟಿಲ್ಲ.

ಪ್ರಶ್ನೆ: ನಮ್ಮೂರು ಕಮಲಾಪುರ. ನೌಕರಿ ಸಲುವಾಗಿ ಬೆಂಗಳೂರಿಗೆ ಬಂದು ಭಾಳ ವರ್ಷ ಆದವು. ಮೊನ್ನೆ ಒಂದು ಹಣ್ಣಿನ ಅಂಗಡಿ ಮುಂದ ಹಾದು ಹೋಗೂವಾಗ ಕೆಂಪು ಬಾಳಿಹಣ್ಣಿನ ವಾಸನಿ ಬಡೀತು. ಒಮ್ಮಿಗೇ ನಮ್ಮಜ್ಜನ ಮನಿಯ ಕತ್ತಲ ಕೋಣಿ, ಗೊನಿ ಮುಚ್ಚಿದ ಹುಲ್ಲು, ಗೋಣಿಚೀಲ, ಅಜ್ಜನ ಕೆಮ್ಮು ಎಲ್ಲಾ ಬಂದುಬಿಟ್ಟವು. ನಿಂತಲ್ಲೇ ಕಣ್ಣಾಗ ನೀರು. ಅಜ್ಜನ ಫೋಟೋ ಮನ್ಯಾಗ ದಿನಾ ನೋಡ್ತೀನಿ, ಹಿಂಗ ಒಮ್ಮೆಯೂ ಆಗಿಲ್ಲ. ಫೋಟೋಕ್ಕ ಇಲ್ಲದ ಶಕ್ತಿ ವಾಸನಿಗೆ ಎಲ್ಲಿಂದ ಬಂತು?

— ಕಮಲಾಪುರದವರು, ಈಗ ಬೆಂಗಳೂರು

ಉತ್ತರ: ಎರಡು ಕಾರಣಗಳಿವೆ. ಮೊದಲನೆಯದು ದಾರಿ. ಕಣ್ಣು, ಕಿವಿ, ಚರ್ಮ ಕಳಿಸುವ ಸುದ್ದಿ ಮೊದಲು ಮಿದುಳಿನ ನಡುವಿನ ಥಲಾಮಸ್ ಎಂಬ ಭಾಗದಲ್ಲಿ ತಂಗಿ, ವಿಂಗಡಣೆಯಾಗಿ ಮುಂದೆ ಹೋಗುತ್ತದೆ. ವಾಸನೆಗೆ ಆ ತಂಗುದಾಣವಿಲ್ಲ. ಮೂಗಿನ ಮೇಲ್ಭಾಗದ ನರಗಳಿಂದ ಘ್ರಾಣ ಕಂದಕ್ಕೆ, ಅಲ್ಲಿಂದ ನೇರವಾಗಿ ಭಾವನೆಗಳನ್ನು ಎಬ್ಬಿಸುವ ಅಮಿಗ್ಡಲಾಕ್ಕೆ, ನೆನಪನ್ನು ಕಟ್ಟುವ ಹಿಪೊಕ್ಯಾಂಪಸ್‌ನ ಬಾಗಿಲಿಗೆ ಅದು ತಲುಪುತ್ತದೆ. 'ಇದು ಬಾಳೆಹಣ್ಣು' ಎಂದು ನೀವು ಹೆಸರಿಡುವ ಮೊದಲೇ ಎದೆ ತುಂಬಿ ಬಂದದ್ದು ಇದರಿಂದ.

ಎರಡನೆಯ ಕಾರಣ ಬಳಕೆ. ಫೋಟೋವನ್ನು ದಿನಾ ನೋಡಿದ್ದೀರಿ. ಬರೆದು ಅಳಿಸಿ ಮತ್ತೆ ಬರೆದ ಪಾಟಿಯಂತೆ ಅದರ ಮೇಲೆ ಸಾವಿರ ದಿನಗಳ ಗುರುತುಗಳು ಕೂತಿವೆ. ಹುಲ್ಲು, ಗೋಣಿಚೀಲ, ಹಣ್ಣಾಗುತ್ತಿರುವ ಕೆಂಬಾಳೆ ಮೂರೂ ಬೆರೆತ ಆ ವಾಸನೆ ಮಾತ್ರ ಅಜ್ಜನ ಕೋಣೆ ಬಿಟ್ಟು ಬೇರೆಲ್ಲೂ ನಿಮಗೆ ಸಿಕ್ಕಿರಲಿಲ್ಲ. ಅದಕ್ಕೆ ಅಂಟಿಕೊಂಡದ್ದು ಅದೊಂದೇ ಜಾಗ.

ಸ್ವೀಡನ್ನಿನ ಸಂಶೋಧಕರು 65 ದಾಟಿದವರ ಮೇಲೆ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ನೆನೆಯತಕ್ಕದ್ದು. ಪದ ತೋರಿಸಿದಾಗ, ಚಿತ್ರ ತೋರಿಸಿದಾಗ ಹಿರಿಯರಿಗೆ ಬಂದ ನೆನಪುಗಳಲ್ಲಿ ಹೆಚ್ಚಿನವು 11ರಿಂದ 20ರ ವಯಸ್ಸಿನವು. ವಾಸನೆ ತೋರಿಸಿದಾಗ ಬಂದವು ಬದುಕಿನ ಮೊದಲ ಹತ್ತು ವರ್ಷದವು. ಮೂಗು ಕಾಪಾಡುವ ಕಾಲ ಬಹಳ ಎಳೆಯದು.

ಮನುಷ್ಯನ ಮೂಗಿನಲ್ಲಿ ಸುಮಾರು 400 ಬಗೆಯ ವಾಸನಾ ಗ್ರಾಹಕಗಳಿವೆ. ಈ ಗ್ರಾಹಕಗಳ ದೊಡ್ಡ ಕುಟುಂಬವನ್ನು ಲಿಂಡಾ ಬಕ್ ಮತ್ತು ರಿಚರ್ಡ್ ಆ್ಯಕ್ಸೆಲ್ 1991ರಲ್ಲಿ ಗುರುತಿಸಿದರು. 2004ರಲ್ಲಿ ಅವರಿಗೆ ನೊಬೆಲ್ ಬಂತು. ಒಂದೊಂದು ವಾಸನೆಯೂ ಹಲವು ಗ್ರಾಹಕಗಳನ್ನು ಒಟ್ಟಿಗೆ ಮಿಡಿಯುತ್ತದೆ. ಬಾಳೆಹಣ್ಣಿನ ಪರಿಮಳದಲ್ಲಿ ಐಸೊಅಮೈಲ್ ಅಸಿಟೇಟ್ ಮುಖ್ಯವಾದರೂ ತಳಿಯಿಂದ ತಳಿಗೆ ಮಿಶ್ರಣ ಬೇರೆ. ಹಾಗಾಗಿ ಪಚ್ಚಬಾಳೆ ನಿಮ್ಮನ್ನು ಕಮಲಾಪುರಕ್ಕೆ ಕರೆದೊಯ್ಯಲಾರದು, ಕೆಂಬಾಳೆ ಒಯ್ಯುತ್ತದೆ.

ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆಯಿದೆ. ಗಿಡ ಎತ್ತರ, ಗಾಳಿಗೆ ಬೀಳುವ ಭಯ, ಗೊನೆ ಕೈಗೆ ಬರಲು ವರ್ಷಕ್ಕಿಂತ ಹೆಚ್ಚು ಕಾಯಬೇಕು. ಹಾಗಾಗಿಯೇ ಬೆಳೆಯುವವರು ಹಿಂಜರಿಯುತ್ತಾರೆ. ನಿಮ್ಮ ಕಣ್ಣೀರಿಗೂ ಈ ಬೇಸಾಯದ ಲೆಕ್ಕಕ್ಕೂ ನೇರ ನಂಟಿದೆ. ಕೊನೆಯ ಉತ್ತರದಲ್ಲಿ ಅದನ್ನೇ ವಿವರಿಸಿದ್ದೇನೆ.

ಪ್ರಶ್ನೆ: ನಮ್ಮವ್ವನ ಪುಂಡಿಪಲ್ಯದ ರುಚಿ ನನ್ನ ಕೈಗೆ ಹತ್ತವಲ್ಲದು. ಅದೇ ಪುಂಡಿ, ಅದೇ ತೊಗರಿಬ್ಯಾಳಿ, ಜ್ವಾಳದ ನುಚ್ಚು, ಬಳ್ಳೊಳ್ಳಿ, ಶೇಂಗಾ ಎಣ್ಣಿ. ಅವ್ವ ಹೇಳಿದಂಗೇ ಮಾಡ್ತೀನಿ. ಮನಿಯವರು ಚಲೋ ಆಗ್ಯದ ಅಂತಾರ. ಆದರ ಬಿಸಿ ರೊಟ್ಟಿ ಮುರದು ಬಾಯಾಗಿಟ್ಟಕೂಡ್ಲೆ ನನಗ ಗೊತ್ತಾಗ್ತದ, ಇದು ಅವ್ವಂದಲ್ಲ. ಏನು ಕಡಿಮಿ ಬಿತ್ತು?

— ಗೃಹಿಣಿ, ಜೇವರ್ಗಿ ರಸ್ತೆ, ಕಲಬುರಗಿ

ಉತ್ತರ: ಹೊಗೆ ಕಡಿಮೆ ಬಿದ್ದಿದೆ. ನಿಮ್ಮ ಅವ್ವ ಒಲೆಗೆ ಏನು ಉರಿಸುತ್ತಿದ್ದರು, ನೆನಪು ಮಾಡಿಕೊಳ್ಳಿ. ಕಲಬುರಗಿ ಸೀಮೆಯ ಹಳ್ಳಿಗಳಲ್ಲಿ ರಾಶಿ ಮುಗಿದ ಮೇಲೆ ತೊಗರಿ ಕಟ್ಟಿಗೆಯನ್ನು ಹೊರೆಗಟ್ಟಿ ಮನೆಯ ಹಿಂದೆ ಒಟ್ಟುತ್ತಿದ್ದರು, ವರ್ಷವಿಡೀ ಒಲೆಗೆ ಅದೇ. ಕಟ್ಟಿಗೆಯಲ್ಲಿರುವ ಲಿಗ್ನಿನ್ ಉರಿದಾಗ ಗ್ವಾಯಕಾಲ್, ಸಿರಿಂಗಾಲ್ ಎಂಬ ಪದಾರ್ಥಗಳು ಹೊಗೆಯಲ್ಲಿ ಬರುತ್ತವೆ. ಹೊಗೆಯ ಕಮರು ಘಮಕ್ಕೆ ಇವೇ ಮೂಲ. ಮಣ್ಣಿನ ಗಡಿಗೆಯ ಸಣ್ಣ ರಂಧ್ರಗಳೂ ಹಳೆಯ ಅಡುಗೆಯ ವಾಸನೆಯನ್ನು ಉಳಿಸಿಕೊಳ್ಳುತ್ತವೆ. ಗ್ಯಾಸಿನ ನೀಲಿ ಉರಿಯಲ್ಲಿ, ಸ್ಟೀಲಿನ ಪಾತ್ರೆಯಲ್ಲಿ ಈ ಎರಡೂ ಇಲ್ಲ. ಅವ್ವ ಹೇಳಿಕೊಟ್ಟ ಸಾಮಾನಿನ ಪಟ್ಟಿಯಲ್ಲಿ ಒಲೆ ಇರಲಿಲ್ಲ, ಯಾಕೆಂದರೆ ಅವರ ಪಾಲಿಗೆ ಅದು ಹೇಳಬೇಕಾದ ಸಾಮಾನೇ ಆಗಿರಲಿಲ್ಲ.

ಹೊಗೆಗೂ ನಾಲಿಗೆಗೂ ಏನು ಸಂಬಂಧ ಎಂದು ಕೇಳಬಹುದು. ನಾಲಿಗೆಗೆ ಗೊತ್ತಾಗುವುದು ಸಿಹಿ, ಉಪ್ಪು, ಹುಳಿ, ಕಹಿ, ಉಮಾಮಿ ಎಂಬ ಐದು ಮಾತ್ರ. ಖಾರ ಕೂಡ ರುಚಿಯಲ್ಲ, ಉರಿ. ಉಳಿದದ್ದೆಲ್ಲ ಅಗಿಯುವಾಗ ಗಂಟಲ ಹಿಂಬದಿಯಿಂದ ಮೂಗಿಗೆ ಏರುವ ವಾಸನೆ. ಮೂಗು ಹಿಡಿದು ಒಂದು ತುತ್ತು ಪುಂಡಿಪಲ್ಯ ತಿನ್ನಿ: ಹುಳಿ, ಉಪ್ಪು, ಉರಿ ಅಷ್ಟೇ ಸಿಗುತ್ತದೆ. ಮೂಗು ಬಿಟ್ಟ ಕೂಡಲೇ ಪುಂಡಿ, ಬೆಳ್ಳುಳ್ಳಿ, ಎಣ್ಣೆ ಬೇರೆ ಬೇರೆಯಾಗಿ ಎದ್ದು ಬರುತ್ತವೆ.

ಊರಿಗೆ ಹೋದಾಗ ಒಮ್ಮೆ ತೊಗರಿ ಕಟ್ಟಿಗೆಯ ಉರಿಯಲ್ಲಿ, ಮಣ್ಣಿನ ಗಡಿಗೆಯಲ್ಲಿ ಮಾಡಿ ನೋಡಿ. ಬಹಳಷ್ಟು ಹತ್ತಿರ ಬರುತ್ತೀರಿ. ಪೂರ್ತಿ ಬರಲಿಕ್ಕಿಲ್ಲ. ಶಾಲೆಯಿಂದ ಹಸಿದು ಬಂದ ಹೊಟ್ಟೆ, ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವ ಅವ್ವನ ಪಕ್ಕದ ಜಾಗ ಇವೂ ಆ ರುಚಿಯ ಭಾಗವೇ. ಇನ್ನೊಂದು ಮಾತು: ನಿಮ್ಮ ಮಕ್ಕಳ ನಾಲಿಗೆಯಲ್ಲಿ ಈಗ 'ಅವ್ವನ ಪುಂಡಿಪಲ್ಯ' ಎಂದು ಕೂರುತ್ತಿರುವುದು ನೀವು ಗ್ಯಾಸಿನ ಮೇಲೆ ಮಾಡಿದ್ದೇ. ಮುಂದೊಂದು ದಿನ ಅವರು ಹುಡುಕುವುದೂ ಅದನ್ನೇ. ಆದ್ದರಿಂದ ಕೈಬಿಡದೆ ಮಾಡುತ್ತಿರಿ.

ಪ್ರಶ್ನೆ: ನಮ್ಮ ತಂದೆಗೆ 82 ವರ್ಷ, ಮರೆವಿನ ರೋಗ. ನನ್ನ ಹೆಸರೂ ಒಮ್ಮೊಮ್ಮೆ ಸಿಗುವುದಿಲ್ಲ. ಆದರೆ ಮೊಬೈಲಿನಲ್ಲಿ ಆಕಾಶವಾಣಿಯ ಹಳೆಯ ಆರಂಭದ ನಾದ ಹಾಕಿದರೆ ನೆಟ್ಟಗೆ ಕೂರುತ್ತಾರೆ. ತತ್ವಪದ ಕೇಳಿಸಿದರೆ ಪದ ತಪ್ಪದೆ ಜೊತೆಗೆ ಹಾಡುತ್ತಾರೆ. ಇದು ಹೇಗೆ ಸಾಧ್ಯ? ಇದರಿಂದ ಅವರಿಗೆ ಉಪಯೋಗವಿದೆಯೇ?

— ಬ್ರಹ್ಮಪುರ, ಕಲಬುರಗಿ

ಉತ್ತರ: ಸಾಧ್ಯ, ಉಪಯೋಗವೂ ಇದೆ. ಪರಿಚಿತ ಹಾಡು ಹಳೆಯ ನೆನಪನ್ನು ತಂದಾಗ ಹಣೆಯ ಹಿಂದಿನ, ಮಿದುಳಿನ ನಡುಗೆರೆಗೆ ಹತ್ತಿರದ ಭಾಗವೊಂದು ಚುರುಕಾಗುತ್ತದೆ ಎಂದು ಪೀಟರ್ ಯನಾಟ 2009ರಲ್ಲಿ ತೋರಿಸಿದರು. ಅಲ್ಝೈಮರ್ ಕಾಯಿಲೆ ಹಿಪೊಕ್ಯಾಂಪಸ್ ಸುತ್ತಲ ಜಾಗವನ್ನು ಮೊದಲು ಕೆಡಿಸುತ್ತದೆ. ಹಣೆಯ ಹಿಂದಿನ ಈ ಭಾಗ ಹೆಚ್ಚು ಕಾಲ ಉಳಿಯುತ್ತದೆ. ಜೊತೆಗೆ ತತ್ವಪದದ ತಾಳ, ಪಲ್ಲವಿ, ಪ್ರಾಸ ಒಂದಕ್ಕೊಂದು ಕೈಹಿಡಿದು ನಡೆಸುತ್ತವೆ. ಮುಂದಿನ ಪದವನ್ನು ಹುಡುಕುವ ಕೆಲಸವೇ ಇರುವುದಿಲ್ಲ.

ನಿಮ್ಮ ತಂದೆ ಬೆಳೆದದ್ದು ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ರಾತ್ರಿಯಿಡೀ ಏಕತಾರಿಯ ಜೊತೆ ಹಾಡುವ ನಾಡಿನಲ್ಲಿ. ಕಲಬುರಗಿಯಲ್ಲಿ ಆಕಾಶವಾಣಿ ನಿಲಯ ಶುರುವಾದದ್ದು 1966ರಲ್ಲಿ. ಆಗ ಅವರು ಹರೆಯದವರಿರಬೇಕು. ಬೆಳಗಿನ ಆ ನಾದವನ್ನು ಸಂಯೋಜಿಸಿದವರು ವಾಲ್ಟರ್ ಕೌಫ್‌ಮನ್. ನಾಜಿಗಳ ಕಾಲದಲ್ಲಿ ಯುರೋಪ್ ಬಿಟ್ಟು ಮುಂಬಯಿಗೆ ಬಂದು ಬಾನುಲಿಯಲ್ಲಿ ದುಡಿದ ಯಹೂದಿ ಸಂಗೀತಗಾರ. ದೂರ ದೇಶದಿಂದ ಬಂದವರು ಕಟ್ಟಿದ ನಾದ ಬ್ರಹ್ಮಪುರದ ಹಿರಿಯರೊಬ್ಬರನ್ನು ಇವತ್ತಿಗೂ ಎಬ್ಬಿಸಿ ಕೂರಿಸುತ್ತದೆ. ಇದನ್ನು ಓದಿ ನನ್ನ ಮನಸ್ಸು ತುಂಬಿತು.

ಕಿವಿಯ ಈ ಬಲವನ್ನು ನಮ್ಮ ಕವಿಗಳು ಬಹಳ ಹಿಂದೆಯೇ ಬಲ್ಲರು. ಪಂಪ ಬನವಾಸಿಯನ್ನು ನೆನೆಯುವ ಪದ್ಯದಲ್ಲಿ ಮೊದಲು ಬರುವುದು ಮೈಗೆ ತಾಗಿದ ಗಾಳಿ, ಆಮೇಲೆ ಕಿವಿಗೆ ಬಿದ್ದ ಒಳ್ಳೆಯ ಮಾತು ಮತ್ತು ಹಾಡು. ಬಿರಿದ ಮಲ್ಲಿಗೆಯ ಸರದಿ ಅದರ ನಂತರ. ಅವನಿಗೆ ಆಶ್ರಯ ಕೊಟ್ಟ ಅರಿಕೇಸರಿ ರಾಷ್ಟ್ರಕೂಟರ ಸಾಮಂತ. ಆ ಸಾಮ್ರಾಜ್ಯದ ರಾಜಧಾನಿ ಮಾನ್ಯಖೇಟ ನಿಮ್ಮ ಜಿಲ್ಲೆಯ ಮಳಖೇಡವೇ.

ಹೀಗೆ ಮಾಡಿ: ದಿನಕ್ಕೆ ಎರಡು ಹೊತ್ತು, ಅವರು ದಣಿಯದಿರುವಾಗ, ಅವರ 10ರಿಂದ 25ರ ವಯಸ್ಸಿನಲ್ಲಿ ಕೇಳಿದ ಹಾಡುಗಳನ್ನು ಹಾಕಿ. ಸ್ನಾನ, ಊಟದಂಥ ಜಗಳವಾಗುವ ಹೊತ್ತಿಗೆ ಸ್ವಲ್ಪ ಮುಂಚೆ ಹಾಕಿದರೆ ಅವರ ಕಿರಿಕಿರಿ ತಗ್ಗಬಹುದು. ಟಿವಿಯನ್ನು ಆರಿಸಿ, ಒಂದು ಹೊತ್ತಿಗೆ ಒಂದೇ ಸದ್ದು ಇರಲಿ. ನೀವೂ ಜೊತೆಗೂಡಿ ಹಾಡಿ. 'ನಾನು ಯಾರು ಹೇಳು' ಎಂದು ಪರೀಕ್ಷೆ ಮಾಡಬೇಡಿ. ಹೆಸರು ಸಿಗದಿದ್ದರೂ ನಿಮ್ಮ ದನಿ ಅವರಿಗೆ ಹಿತವೆನಿಸುತ್ತದೆ, ಅಷ್ಟು ಸಾಕು. ಇದು ರೋಗವನ್ನು ವಾಸಿಮಾಡದು. ಆ ದಿನವನ್ನು ಹಗುರ ಮಾಡುತ್ತದೆ. ವೈದ್ಯರ ಔಷಧ ನಿಲ್ಲಿಸಬೇಡಿ.

ಪ್ರಶ್ನೆ: 1972ರ ಬರ. ನನಗೆ ಎಂಟು ವರ್ಷ. ಹೊರದೇಶದಿಂದ ಬಂದ ಕೆಂಪು ಜೋಳದ ರೊಟ್ಟಿಯ ವಾಸನೆ, ಗಂಜಿ ಕೇಂದ್ರದ ಸಾಲು, ಅಲ್ಲಿ ಅಣ್ಣ ತನ್ನ ಪಾಲನ್ನು ನನಗೆ ಕೊಟ್ಟದ್ದು ನಿನ್ನೆ ನಡೆದಂತಿದೆ. ಅಣ್ಣ ಹೇಳುತ್ತಾನೆ, ನಾವು ಗಂಜಿ ಕೇಂದ್ರಕ್ಕೆ ಹೋಗಲೇ ಇಲ್ಲ, ಅವ್ವ ಮನೆಯಲ್ಲೇ ಅಂಬಲಿ ಕಾಸುತ್ತಿದ್ದಳು ಅಂತ. ಇಷ್ಟು ಸ್ಪಷ್ಟವಾದದ್ದು ಸುಳ್ಳಾಗಲು ಸಾಧ್ಯವೇ?

— ನಿವೃತ್ತ ಶಿಕ್ಷಕರು, ಕಮಲಾಪುರ ತಾಲ್ಲೂಕು

ಉತ್ತರ: ಸ್ಪಷ್ಟತೆ ಒಂದು, ನಿಖರತೆ ಇನ್ನೊಂದು. ವಾಸನೆಯಿಂದ ಎದ್ದ ನೆನಪುಗಳಲ್ಲಿ ಭಾವ ಹೆಚ್ಚು ತೀವ್ರ, ಆ ಕಾಲಕ್ಕೇ ಮರಳಿ ಹೋದ ಅನುಭವ ಹೆಚ್ಚು ಗಾಢ. ಆದರೆ ವಿವರಗಳ ಖಚಿತತೆಯಲ್ಲಿ ಅವು ಬೇರೆ ನೆನಪುಗಳಿಗಿಂತ ಮೇಲಲ್ಲ ಎಂಬುದು ರೇಚಲ್ ಹರ್ಟ್ಜ್ ಅವರ ಪ್ರಯೋಗಗಳ ಸಾರ. ನೆನಪೆಂಬುದು ತೆಗೆದು ನೋಡುವ ವಸ್ತುವಲ್ಲ, ಪ್ರತಿ ಸಲವೂ ಹೊಸದಾಗಿ ಕಟ್ಟುವ ಕೆಲಸ ಎಂದು ಕೇಂಬ್ರಿಜ್‌ನ ಫ್ರೆಡರಿಕ್ ಬಾರ್ಟ್ಲೆಟ್ 1932ರಲ್ಲೇ ವಾದಿಸಿದ್ದರು. ಕಟ್ಟುವಾಗ ಮನೆಯವರ ಮಾತು, ಊರವರು ಹೇಳಿದ ಕಥೆ, ಆಮೇಲೆ ನೋಡಿದ ಚಿತ್ರಗಳು ಒಳಗೆ ಸೇರುತ್ತವೆ.

ಹಾಗೆಂದು ನಿಮ್ಮದು ಸುಳ್ಳು, ಅಣ್ಣನದು ಸತ್ಯ ಎನ್ನಲಾಗದು. ಅವರದೂ ಕಟ್ಟಿದ ನೆನಪೇ. ಅವರು ನಿಮಗಿಂತ ದೊಡ್ಡವರು. ಆ ವಯಸ್ಸಿನ ಹುಡುಗನಿಗೆ ಸಾಲಿನಲ್ಲಿ ನಿಲ್ಲುವುದು ಅವಮಾನವೆನಿಸಿ ಮನಸ್ಸು ಅದನ್ನು ದೂರವಿಟ್ಟಿರಬಹುದು. ಅಥವಾ ನೀವು ಅಕ್ಕಪಕ್ಕದ ಮಕ್ಕಳ ಜೊತೆ ಹೋಗಿ ಕಂಡದ್ದನ್ನು ಅಣ್ಣನ ಪ್ರೀತಿಯ ಜೊತೆ ಹೆಣೆದಿರಬಹುದು. ರೊಟ್ಟಿಯ ವಾಸನೆಯನ್ನಂತೂ ನಂಬಿ. ಮನೆಯ ಬಿಳಿಜೋಳದ ಮೇಲೆ ಬೆಳೆದ ಮಗುವಿನ ಮೂಗಿಗೆ ಹೊರದೇಶದ ಜೋಳದ ಒಗರು ವಾಸನೆ ತೀರಾ ಹೊಸದು, ಹೊಸದಕ್ಕೆ ಮಿದುಳು ವಿಶೇಷ ಗಮನ ಕೊಡುತ್ತದೆ.

ಇಬ್ಬರೂ ನಿಮ್ಮ ನಿಮ್ಮ ನೆನಪನ್ನು ಬೇರೆಬೇರೆಯಾಗಿ, ಒಬ್ಬರದನ್ನು ಒಬ್ಬರು ಓದದೆ, ಕಾಗದದ ಮೇಲೆ ಬರೆಯಿರಿ. ಊರಿನಲ್ಲಿ ಆಗ ಇಪ್ಪತ್ತು ದಾಟಿದ್ದ ಒಬ್ಬಿಬ್ಬರು ಹಿರಿಯರನ್ನು ಕೇಳಿ. ಎಲ್ಲವೂ ಕೂಡದಿರಬಹುದು. ಆ ಮೂರು ನಾಲ್ಕು ಕಾಗದಗಳು ಕಮಲಾಪುರದ ಬರಗಾಲದ ಚರಿತ್ರೆಗೆ ದೊಡ್ಡ ಕೊಡುಗೆಯಾಗುತ್ತವೆ. ಅಣ್ಣ ತನ್ನ ಪಾಲು ಕೊಟ್ಟನೆಂದು ನೀವು ಐವತ್ತು ವರ್ಷ ನಂಬಿ ಬಾಳಿದ್ದೀರಿ. ಅಂಥ ಅಣ್ಣ ನಿಮಗಿದ್ದ ಎಂಬುದರಲ್ಲಿ ತಕರಾರಿಲ್ಲ. ಅದನ್ನು ಅವರಿಗೆ ಹೇಳಿ.

ಪ್ರಶ್ನೆ: ಎಲ್ಲರೂ ಬಾಲ್ಯದ ವಾಸನೆ ಎಂದರೆ ಸಂತೋಷಪಡುತ್ತಾರೆ. ನನಗೆ ಸೀಮೆಎಣ್ಣೆ ವಾಸನೆ ಬಂದರೆ ಕೈಕಾಲು ನಡುಗುತ್ತವೆ. ನಾನು ಚಿಕ್ಕವಳಿದ್ದಾಗ ಮನೆಯಲ್ಲಿ ಸ್ಟೋವ್ ಸಿಡಿದಿತ್ತು. ಈಗ ಮನೆಗೆ ಬಣ್ಣ ಬಳಿಸುತ್ತಿದ್ದೇವೆ, ಟರ್ಪೆಂಟೈನ್ ವಾಸನೆಗೂ ಹಾಗೇ ಆಗುತ್ತಿದೆ. ಇದು ಹುಚ್ಚೇ?

— ಹೆಸರು ಬೇಡ, ಕಲಬುರಗಿ

ಉತ್ತರ: ಖಂಡಿತ ಹುಚ್ಚಲ್ಲ. ಕೆಂಬಾಳೆಯ ವಾಸನೆ ಒಬ್ಬರಿಗೆ ಅಜ್ಜನನ್ನು ತಂದುಕೊಟ್ಟ ದಾರಿಯಲ್ಲೇ ಸೀಮೆಎಣ್ಣೆ ನಿಮಗೆ ಆ ದಿನದ ಭಯವನ್ನು ತಂದುಕೊಡುತ್ತಿದೆ. ಅಪಾಯದ ಹೊತ್ತಿನಲ್ಲಿ ಇದ್ದ ವಾಸನೆಯನ್ನು ಅಮಿಗ್ಡಲಾ ಒಂದೇ ಸಲಕ್ಕೆ ಕಲಿತು ಇಟ್ಟುಕೊಳ್ಳುತ್ತದೆ. ಮುಂದೆ ಆ ವಾಸನೆ ಎಲ್ಲಿ ಬಂದರೂ ಓಡು ಎಂದು ಕೂಗುತ್ತದೆ. ಮಗುವಾಗಿದ್ದ ನಿಮ್ಮನ್ನು ಕಾಯಲು ಹುಟ್ಟಿದ ವ್ಯವಸ್ಥೆ ಅದು. ಟರ್ಪೆಂಟೈನ್ ಹತ್ತಿರದ ವಾಸನೆಯಾದ್ದರಿಂದ ಅದಕ್ಕೂ ಹರಡಿದೆ.

ಸದ್ಯಕ್ಕೆ ನೀರಿನಲ್ಲಿ ಕರಗುವ ಬಣ್ಣವನ್ನೇ ಬಳಸಲು ಹೇಳಿ. ಎಣ್ಣೆ ಬಣ್ಣದ ಕೆಲಸವಿರುವ ದಿನ ಬೇರೆ ಕಡೆ ಇರಿ. ಮನೆಯವರಿಗೆ ಕಾರಣ ತಿಳಿಸಿ. ನಡುಕ ಬಂದಾಗ ಪಾದವನ್ನು ನೆಲಕ್ಕೆ ಒತ್ತಿ, ಕಣ್ಣಿಗೆ ಕಾಣುವ ವಸ್ತುಗಳ ಹೆಸರನ್ನು ಒಂದೊಂದಾಗಿ ಗಟ್ಟಿಯಾಗಿ ಹೇಳಿ, ಉಸಿರನ್ನು ನಿಧಾನವಾಗಿ ಬಿಡಿ. ಇವತ್ತು ಯಾವ ವರ್ಷ, ನೀವು ಎಲ್ಲಿದ್ದೀರಿ ಎಂಬುದು ಮೈಗೆ ತಿಳಿಯಬೇಕು.

ಆಮೇಲೆ ಚಿಕಿತ್ಸೆ ಪಡೆಯಿರಿ. ಇಂಥ ಭಯವನ್ನು ಹಂತ ಹಂತವಾಗಿ, ಸುರಕ್ಷಿತ ಜಾಗದಲ್ಲಿ ಎದುರಿಸಿ ಕರಗಿಸುವ ಪದ್ಧತಿಗಳಿವೆ, ಫಲವೂ ಚೆನ್ನಾಗಿದೆ. ಒಬ್ಬರೇ ಪ್ರಯತ್ನಿಸಬೇಡಿ, ತರಬೇತಿ ಪಡೆದವರ ಜೊತೆ ಮಾಡಿ. 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಹಗಲೂ ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಇಷ್ಟು ವರ್ಷ ಒಬ್ಬರೇ ಹೊತ್ತಿದ್ದೀರಿ. ಇನ್ನು ಹೊರಬೇಕಾಗಿಲ್ಲ.

ಪ್ರಶ್ನೆ: ಕೋವಿಡ್ ಆದಾಗಿನಿಂದ ನನಗೆ ವಾಸನೆ ಸರಿಯಾಗಿ ಬರುವುದಿಲ್ಲ. ಒಗ್ಗರಣೆ ಸಿಡಿದದ್ದು ಕಿವಿಗೆ ಕೇಳುತ್ತದೆ, ಮೂಗಿಗೆ ಏನೂ ಇಲ್ಲ. ಉಳ್ಳಾಗಡ್ಡಿ ಹುರಿದರೆ ಸುಟ್ಟ ರಬ್ಬರಿನ ವಾಸನೆ. ಹಬ್ಬದ ಊಟ ಸಪ್ಪೆ. ನನ್ನ ಹಳೆಯ ನೆನಪುಗಳೂ ಹೋದವೇ ಎಂದು ಭಯವಾಗುತ್ತದೆ.

— ವಯಸ್ಸು 58, ಸೂಪರ್ ಮಾರ್ಕೆಟ್ ಪ್ರದೇಶ, ಕಲಬುರಗಿ

ಉತ್ತರ: ನೆನಪುಗಳು ಹೋಗಿಲ್ಲ, ಅವನ್ನು ಕರೆಯುವ ಒಂದು ದನಿ ಕ್ಷೀಣವಾಗಿದೆ. ದೇಶದ ಮೊದಲ ಕೋವಿಡ್ ಸಾವು 2020ರ ಮಾರ್ಚ್‌ನಲ್ಲಿ ದಾಖಲಾದದ್ದು ನಿಮ್ಮ ಊರಿನಲ್ಲೇ. ಆ ದಿನಗಳ ಆತಂಕವನ್ನು ನೀವೆಲ್ಲ ಎಲ್ಲರಿಗಿಂತ ಮೊದಲು ಕಂಡಿರಿ. ಜೀವಕ್ಕೆ ಬಂದ ಕುತ್ತಿನ ಮುಂದೆ ಮೂಗಿನ ನಷ್ಟ ಸಣ್ಣದೆಂದು ಹಲವರು ಹೇಳಿಕೊಳ್ಳಲೇ ಇಲ್ಲ. ಅದು ಸಣ್ಣ ನಷ್ಟವಲ್ಲ.

ಭರವಸೆಯ ಸಂಗತಿ ಏನೆಂದರೆ, ಆ ವೈರಾಣು ಮುಖ್ಯವಾಗಿ ಹಾನಿ ಮಾಡುವುದು ವಾಸನಾ ನರಗಳಿಗೆ ಆಸರೆಯಾಗಿರುವ ಜೀವಕೋಶಗಳಿಗೆ. ವಾಸನೆಯ ನರಕೋಶಗಳಿಗೋ ಬದುಕಿನುದ್ದಕ್ಕೂ ಹೊಸದಾಗಿ ಹುಟ್ಟುವ ಗುಣವಿದೆ. ಉಳ್ಳಾಗಡ್ಡಿ ರಬ್ಬರಿನಂತೆ ಕಾಣುವುದು ಹೊಸ ನರಗಳು ಇನ್ನೂ ತಮ್ಮ ಜೋಡಣೆಯನ್ನು ಕಲಿಯುತ್ತಿವೆ ಎಂಬುದರ ಗುರುತಾಗಿರಬಹುದು.

ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಥಾಮಸ್ ಹುಮ್ಮಲ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಭ್ಯಾಸವನ್ನು ಈಗ ಬಹಳ ಕಡೆ ವೈದ್ಯರು ಸೂಚಿಸುತ್ತಾರೆ: ಗುಲಾಬಿ, ನೀಲಗಿರಿ, ನಿಂಬೆ, ಲವಂಗ ಈ ನಾಲ್ಕನ್ನು ಬೆಳಿಗ್ಗೆ ಮತ್ತು ಸಂಜೆ, ಒಂದೊಂದನ್ನೂ ಸ್ವಲ್ಪ ಹೊತ್ತು, ಗಮನವಿಟ್ಟು ಮೂಸುವುದು. 12 ವಾರ ಬಿಡದೆ ಮಾಡಬೇಕು, ಕೆಲವರಿಗೆ ಇನ್ನೂ ಹೆಚ್ಚು ಬೇಕು. ಮೂಸುವಾಗ ಆ ವಾಸನೆಯ ಹಳೆಯ ಜಾಗವೊಂದನ್ನು ಮನಸ್ಸಿನಲ್ಲಿ ತಂದುಕೊಳ್ಳಿ: ದರ್ಗಾದ ಮುಂದಿನ ಗುಲಾಬಿ ಬುಟ್ಟಿ, ಉಪ್ಪಿನಕಾಯಿ ಹಾಕುವ ದಿನದ ನಿಂಬೆ. ಮೊದಲು ಕಿವಿ, ಮೂಗು, ಗಂಟಲಿನ ವೈದ್ಯರಿಗೆ ತೋರಿಸಿ. ನೆಗಡಿಯೋ ಕೋವಿಡ್ಡೋ ಆಗದೆ ವಾಸನೆ ತಾನಾಗಿ ಕುಂದುತ್ತಿದ್ದರೆ ತಡಮಾಡಲೇಬಾರದು, ಪಾರ್ಕಿನ್ಸನ್ ಮೊದಲಾದ ಕಾಯಿಲೆಗಳ ಮುನ್ಸೂಚನೆಯೂ ಅದಾಗಿರಬಹುದು. ಇನ್ನೊಂದು ಎಚ್ಚರಿಕೆ: ಗ್ಯಾಸ್ ಸೋರಿದರೆ ನಿಮ್ಮ ಮೂಗು ಹೇಳುವುದಿಲ್ಲ. ಅಡುಗೆಮನೆಯಲ್ಲಿ ಸೋರಿಕೆ ಸೂಚಕ ಹಾಕಿಸಿ.

ಪ್ರಶ್ನೆ: ನಾನು ಪಿಯುಸಿ ವಿದ್ಯಾರ್ಥಿ. ವಾಸನೆಗೆ ಇಷ್ಟು ನೆನಪಿನ ಶಕ್ತಿ ಇದ್ದರೆ ಓದುವಾಗ ಊದಿನಕಡ್ಡಿ ಹಚ್ಚಿದರೆ ಪರೀಕ್ಷೆಗೆ ಸಹಾಯವಾಗುತ್ತದೆಯೇ?

— ಕಲಬುರಗಿ

ಉತ್ತರ: ಒಂದು ಪ್ರಯೋಗದಲ್ಲಿ ಆಯಿತು. ಕಾರ್ಡುಗಳ ಜಾಗವನ್ನು ಕಲಿಯುವಾಗ ಗುಲಾಬಿ ಪರಿಮಳ ಕೊಟ್ಟು, ರಾತ್ರಿ ಗಾಢ ನಿದ್ರೆಯಲ್ಲಿ ಅದೇ ಪರಿಮಳವನ್ನು ಮತ್ತೆ ಕೊಟ್ಟಾಗ ಮರುದಿನ ನೆನಪು ಉತ್ತಮವಾಗಿತ್ತೆಂದು 2007ರಲ್ಲಿ ಜರ್ಮನಿಯ ವಿಜ್ಞಾನಿಗಳು ತೋರಿಸಿದರು. ಅಲ್ಲಿ ಮುಖ್ಯ ಪಾತ್ರ ಗಾಢ ನಿದ್ರೆಯದು. ಮುಚ್ಚಿದ ಕೋಣೆಯಲ್ಲಿ ಊದಿನಕಡ್ಡಿಯ ಹೊಗೆ ಕುಡಿಯಬೇಡ, ಚೆನ್ನಾಗಿ ನಿದ್ದೆ ಮಾಡು.

ಪ್ರಶ್ನೆ: ನನಗೆ ಆರು ಮತ್ತು ಮೂರು ವರ್ಷದ ಇಬ್ಬರು ಮಕ್ಕಳು. ನಮ್ಮದು ಫ್ಲ್ಯಾಟಿನ ಬದುಕು. ನನಗೆ ಸೀತನಿ ಸುಟ್ಟ ವಾಸನೆ, ಎಳ್ಳಮಾವಾಸ್ಯೆಯ ಭಜ್ಜಿ, ಶರಣಬಸವೇಶ್ವರ ಜಾತ್ರೆಯ ಗದ್ದಲ ಎಲ್ಲಾ ಇವೆ. ನನ್ನ ಮಕ್ಕಳಿಗೆ ಪ್ಯಾಕೆಟ್ ಹರಿದ ಸದ್ದು, ನೂಡಲ್ಸಿನ ವಾಸನೆ ಬಿಟ್ಟು ಏನುಳಿಯುತ್ತದೆ?

— ತಾಯಿ, ಕಲಬುರಗಿ

ಉತ್ತರ: ನೂಡಲ್ಸಿನ ವಾಸನೆಯೂ ಉಳಿಯುತ್ತದೆ. ಅದನ್ನು ಕಡೆಗಣಿಸಬೇಡಿ. ಮಳೆಗಾಲದ ಸಂಜೆ ನೀವು ಅವರ ಪಕ್ಕ ಕೂತು ತಿನ್ನಿಸಿದ್ದರೆ ನಲವತ್ತು ವರ್ಷದ ನಂತರ ಆ ಮಸಾಲೆಯ ವಾಸನೆಗೆ ಅವರ ಕಣ್ಣೂ ತುಂಬುತ್ತದೆ. ಮಗುವಿನ ಮಿದುಳು ಸಾಂಪ್ರದಾಯಿಕ, ಆಧುನಿಕ ಎಂದು ಭೇದ ಮಾಡುವುದಿಲ್ಲ. ಪ್ರೀತಿ, ಪುನರಾವರ್ತನೆ, ಒಂದು ನಿಶ್ಚಿತ ಜಾಗ ಮತ್ತು ಕಾಲ ಇಷ್ಟಿದ್ದರೆ ಕೂಡಿಟ್ಟುಕೊಳ್ಳುತ್ತದೆ.

ಈ ಕಲಿಕೆ ಹೊಟ್ಟೆಯಲ್ಲಿರುವಾಗಲೇ ಶುರು. ಜೂಲಿ ಮೆನೆಲ್ಲಾ ಅವರ 2001ರ ಅಧ್ಯಯನದಲ್ಲಿ, ಬಸಿರಿನ ಕೊನೆಯ ತಿಂಗಳುಗಳಲ್ಲೋ ಹಾಲೂಡುವಾಗಲೋ ಗಜ್ಜರಿ ರಸ ಕುಡಿದ ತಾಯಂದಿರ ಕೂಸುಗಳು ಗಜ್ಜರಿ ಸೇರಿದ ಆಹಾರ ತಿನ್ನುವಾಗ ಮುಖ ಸಿಂಡರಿಸಿದ್ದು ಕಡಿಮೆ. ನಿಮ್ಮ ಮಕ್ಕಳು ನೀವು ತಿಂದ ಬೆಳ್ಳುಳ್ಳಿ, ಜೀರಿಗೆ, ಶೇಂಗಾ ಹಿಂಡಿಯನ್ನು ಆಗಲೇ ಒಂದಿಷ್ಟು ಬಲ್ಲರು. ಮೊದಲ ಉತ್ತರದಲ್ಲಿ ಹೇಳಿದ ಹತ್ತು ವರ್ಷದ ಕಾಲ ಅವರಿಗೆ ಈಗ ನಡೆಯುತ್ತಿದೆ. ಕೊಡಬೇಕಾದದ್ದನ್ನು ಕೊಡುವ ಹೊತ್ತು ಇದೇ.

ಏನು ಕೊಡಬಹುದು? ಜೂನಿನ ಮೊದಲ ಮಳೆಗೆ ಬಾಲ್ಕನಿಯ ಬಾಗಿಲು ಹಾಕಬೇಡಿ, ಊರ ಹೊರಗಿನ ಯರೆ ಹೊಲದ ಅಂಚಿಗೆ ಕರೆದೊಯ್ಯಿರಿ. ಒಣಗಿದ ನೆಲಕ್ಕೆ ಹನಿ ಬಿದ್ದಾಗ ಏಳುವ ಘಮಕ್ಕೆ ಆಸ್ಟ್ರೇಲಿಯಾದ ಇಸಾಬೆಲ್ ಬೇರ್ ಮತ್ತು ರಿಚರ್ಡ್ ಥಾಮಸ್ 1964ರಲ್ಲಿ ಪೆಟ್ರಿಕೋರ್ ಎಂದು ಹೆಸರಿಟ್ಟರು. ಮಣ್ಣಿನ ಸೂಕ್ಷ್ಮಜೀವಿಗಳು ತಯಾರಿಸುವ ಜಿಯೋಸ್ಮಿನ್ ಅದರಲ್ಲಿ ಮುಖ್ಯವಾದದ್ದು. ಮನುಷ್ಯನ ಮೂಗು ಅದನ್ನು ಲಕ್ಷ ಕೋಟಿಯಲ್ಲಿ ಕೆಲವೇ ಭಾಗವಿದ್ದರೂ ಹಿಡಿಯಬಲ್ಲದು. ಮಕ್ಕಳಿಗೆ ಈ ಹೆಸರುಗಳು ಬೇಡ. ನೆನೆದ ಮಣ್ಣಿನಲ್ಲಿ ಬರಿಗಾಲಲ್ಲಿ ನಿಲ್ಲಿಸಿ, ಸಾಕು.

ಎಳ್ಳಮಾವಾಸ್ಯೆಗೆ ಯಾರದಾದರೂ ಹೊಲಕ್ಕೆ ಹೋಗಿ. ಚರಗ ಚೆಲ್ಲುವಾಗ ಕೂಗುವ ಕೂಗನ್ನು ಮಕ್ಕಳೂ ಕೂಗಲಿ. ಕಾಳು, ಕಾಯಿಪಲ್ಯಗಳೆಲ್ಲ ಬೆರೆತ ಭಜ್ಜಿಯನ್ನು ಸಜ್ಜೆ ರೊಟ್ಟಿಯ ಜೊತೆ, ಅಂಬಲಿಯ ಜೊತೆ ನೆಲದ ಮೇಲೆ ಕೂತು ತಿನ್ನಲಿ. ಸೀತನಿಯ ದಿನಗಳಲ್ಲಿ ಬೆಂಕಿಯಲ್ಲಿ ಸುಟ್ಟ ತೆನೆಯನ್ನು ಕೈಯಲ್ಲಿ ತಿಕ್ಕುವುದನ್ನು ಕಲಿಸಿ, ಅಂಗೈಗೆ ಬಿಸಿ ತಾಗಲಿ. ಹೋಳಿ ಕಳೆದ ಮೇಲೆ ಬರುವ ಶರಣಬಸವೇಶ್ವರರ ತೇರಿನ ದಿನ ಹೆಗಲ ಮೇಲೆ ಕೂರಿಸಿಕೊಂಡು ಹೋಗಿ. ತೇರಿಗೆ ಎಸೆದ ಬಾಳೆಹಣ್ಣು, ಉತ್ತತ್ತಿ, ಸಾವಿರಾರು ಗಂಟಲುಗಳ ಜಯಕಾರ ಅವರ ಮೈಯೊಳಗೆ ಇಳಿಯಲಿ. ಉರುಸಿನ ಹೊತ್ತಿಗೆ ಬಂದೇನವಾಜರ ದರ್ಗಾದ ದಾರಿಯ ಲೋಬಾನ, ಮಿಠಾಯಿ ಅಂಗಡಿಗಳ ಸಾಲು ತೋರಿಸಿ. ಈ ಊರಿನ ಮಕ್ಕಳಿಗೆ ಎರಡೂ ಹಬ್ಬಗಳ ವಾಸನೆ ಒಟ್ಟಿಗೆ ಸಿಗುತ್ತದೆ, ಎರಡೂ ಅವರ ಸ್ವತ್ತು. ವರ್ಷಕ್ಕೊಮ್ಮೆ ತಪ್ಪದೆ ಅದೇ ಜಾಗಕ್ಕೆ ಹೋಗುವುದು ಮುಖ್ಯ. ನೆನಪು ಬೇರೂರುವುದು ಮರುಕಳಿಸಿದಾಗ.

ಕೊನೆಗೆ, ಮೊದಲ ಪತ್ರಕ್ಕೆ ಬಾಕಿ ಉಳಿಸಿದ್ದ ಮಾತು. ವಾಸನೆಯನ್ನು ಫೋಟೋ ತೆಗೆದು ಇಡಲಾಗದು, ಫೋನಿನಲ್ಲಿ ಕಳಿಸಲಾಗದು. ಕೆಂಬಾಳೆ ಹೊಲದಲ್ಲಿದ್ದರೆ ಮಾತ್ರ ಆ ಕೋಣೆಯ ಬಾಗಿಲು ತೆರೆಯುತ್ತದೆ. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕ ಸಿಕ್ಕಿದೆ, ಬೆಳೆಯುವವರಿಗೂ ಕೊಳ್ಳುವವರಿಗೂ ಕೊರತೆಯಿಲ್ಲ. ಕೆಂಬಾಳೆಯ ಸ್ಥಿತಿ ಹಾಗಿಲ್ಲ. ವರ್ಷ ದಾಟಿ ಕಾಯುವ ಕಮಲಾಪುರದ ರೈತನಿಗೆ ಆ ಕಾಯುವಿಕೆಯ ಬೆಲೆ ಸಿಗಬೇಕು. ಮುಂದಿನ ರಜೆಯಲ್ಲಿ ಮಕ್ಕಳನ್ನು ಕಮಲಾಪುರಕ್ಕೆ ಕರೆದೊಯ್ಯಿರಿ, ಬೆಳೆದವರಿಂದಲೇ ಒಂದು ಚಿಪ್ಪು ಕೊಳ್ಳಿ, ಚೌಕಾಸಿ ಮಾಡಬೇಡಿ. ನಮ್ಮ ಬಾಲ್ಯದ ನೆನಪುಗಳ ಬಗ್ಗೆ ನಮಗೆ ನಿಜವಾಗಿ ಅಕ್ಕರೆಯಿದ್ದರೆ ಅವನ್ನು ಬೆಳೆಯುವವರ, ಬೇಯಿಸುವವರ, ಹಾಡುವವರ ಹೊಟ್ಟೆ ತುಂಬುವಂತೆ ನೋಡಿಕೊಳ್ಳುವುದೂ ನಮ್ಮ ಕೆಲಸ.